ಹೊಲಿಗೆ ಅಭ್ಯಾಸದ ಕಿಟ್: ಪೆಟ್ಟಿಗೆಯಲ್ಲಿ ಬರುವುದು ಅರ್ಧ ಮಾತ್ರ

ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿಯುವವರಿಗೆಂದು ಮಾರುವ ಸಿಲಿಕೋನ್ ಪ್ಯಾಡಿನ ಕಿಟ್‌ಗಳು ಈಗ ಮೆಡಿಕಲ್ ಕಾಲೇಜುಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಹೆಚ್ಚಿನವಕ್ಕೆ ಹೇಳಿಕೊಳ್ಳುವಂಥ ಬ್ರ್ಯಾಂಡ್ ಇಲ್ಲ. ಅದದೇ ಪ್ಯಾಡ್, ಅದದೇ ಉಪಕರಣ, ಮೇಲಿನ ಜಿಪ್ ಚೀಲದ ಬಣ್ಣ ಮಾತ್ರ ಬೇರೆ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಮಾಲಿನದ್ದಲ್ಲ. ಮೂರು ಪದರದ ಪ್ಯಾಡ್, ನಾಲ್ಕೈದು ಉಪಕರಣ, ಹತ್ತು-ಹನ್ನೆರಡು ದಾರ ಇರುವ ಆ ಸಾಮಾನ್ಯ ಕಿಟ್ಟಿನದ್ದು. ಎಂಬಿಬಿಎಸ್ ವಿದ್ಯಾರ್ಥಿಗಳು, ಇಂಟರ್ನ್‌ಗಳು ಕೊಳ್ಳುವುದು ಬಹುಪಾಲು ಇದನ್ನೇ.

ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ಕೊಳ್ಳಬಹುದು. ಆದರೆ ಪ್ಯಾಡ್ ನೋಡಿ ಕೊಳ್ಳಬೇಡಿ, ನೀಡಲ್ ಹೋಲ್ಡರ್, ಅಂದರೆ ಸೂಜಿ ಕಚ್ಚಿ ಹಿಡಿಯುವ ಇಕ್ಕಳ, ನೋಡಿ ಕೊಳ್ಳಿ. ಇನ್ನೊಂದು ಮಾತು, ಜೊತೆಗೆ ಬರುವ ಚೀಟಿಯಲ್ಲಿ ಇಲ್ಲದ್ದು: ಪ್ಯಾಡಿನ ಮೇಲೆ ಹಾಕುವ ಹೊಲಿಗೆಗಳ ನಡುನಡುವೆ ಅದೇ ಹೊಲಿಗೆಯನ್ನು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಪೂರ್ತಿಯಾಗಿ ಹಾಕದಿದ್ದರೆ ಕಿಟ್ಟಿನ ಬೆಲೆಯಲ್ಲಿ ಅರ್ಧ ನೀರಿಗೆ ಹೋದಂತೆ. ಇದು ಧ್ಯಾನದ ಮಾತಲ್ಲ, ಲೆಕ್ಕದ ಮಾತು. 75 ಸೆಂ.ಮೀ. ದಾರದಲ್ಲಿ ಜತನದಿಂದ ಕಟ್ಟಿದರೆ ಎಂಟು-ಹತ್ತು ಬಿಡಿ ಹೊಲಿಗೆ ಬರುತ್ತವೆ. ತುದಿಯನ್ನು ಉದ್ದುದ್ದ ಬಿಟ್ಟು ಕಟ್ಟಿದರೆ ಐದಕ್ಕೇ ಮುಗಿಯುತ್ತದೆ. ಹನ್ನೆರಡು ದಾರ ಎಂದರೆ ಹೆಚ್ಚೆಂದರೆ ನೂರಿಪ್ಪತ್ತು ಹೊಲಿಗೆ. ಕೈ ಕುದುರಲು ಅಷ್ಟು ಸಾಲದು. ಪುಣ್ಯಕ್ಕೆ, ಮನಸ್ಸಿನಲ್ಲಿ ಹಾಕುವ ಹೊಲಿಗೆಗೆ ದಾರ ಬೇಕಿಲ್ಲ.

ಪೆಟ್ಟಿಗೆ ಬಿಚ್ಚಿದರೆ

ನೀಡಲ್ ಹೋಲ್ಡರ್ ಸಾಮಾನ್ಯವಾಗಿ ಆರಿಂಚಿನ ಮೇಯೊ-ಹೇಗರ್ ಮಾದರಿಯದು. ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಹಿಡಿಯ ಬಳಿಯ ಲಾಕಿನ ಮೊದಲ ಹಲ್ಲಿಗೆ ಮಾತ್ರ ಲಾಕ್ ಮಾಡಿ ಬೆಳಕಿಗೆ ಎದುರು ಹಿಡಿಯಿರಿ. ದವಡೆಗಳ ತುದಿ ಒಂದಕ್ಕೊಂದು ಕೂಡಿರಬೇಕು; ತುದಿಯಲ್ಲಿ ಸೀಳು ಬೆಳಕು ಕಂಡರೆ ಅದನ್ನು ಅಲ್ಲೇ ಹಿಂದಿರುಗಿಸಿ. ಆಮೇಲೆ ಸೂಜಿ ಕಚ್ಚಿಸಿ ಎರಡನೇ ಹಲ್ಲಿಗೆ ಲಾಕ್ ಮಾಡಿ, ಸೂಜಿಯನ್ನು ಫೋರ್ಸೆಪ್ಸಿನಿಂದ, ಅಂದರೆ ಚಿಮ್ಮಟದಿಂದ, ಪಕ್ಕಕ್ಕೆ ತಳ್ಳಿ ನೋಡಿ. ಗಿರಗಿಟ್ಟಲೆಯಂತೆ ತಿರುಗಿಬಿಟ್ಟರೆ ಆ ಹೋಲ್ಡರಿನಲ್ಲಿ ಏನು ಅಭ್ಯಾಸ ಮಾಡಿದರೂ ವ್ಯರ್ಥ: ಸೂಜಿ ಜಾರುವುದು ತನ್ನ ಕೈಯ ತಪ್ಪೋ ಉಪಕರಣದ ತಪ್ಪೋ ಎಂಬುದೇ ಕಲಿಯುವವರಿಗೆ ತಿಳಿಯುವುದಿಲ್ಲ. ಲಾಕ್ ಬಿಡಿಸುವಾಗ ತುದಿ ಎಗರಬಾರದು. ಎಗರಿದರೆ ನಿಜವಾದ ಗಾಯದಲ್ಲಿ ಆ ಎಗರಾಟ ಚರ್ಮವನ್ನು ಹರಿಯುತ್ತದೆ.

ಹಿಡಿಯ ಬಳೆಗಳು ಚಿನ್ನದ ಬಣ್ಣದ್ದಾಗಿದ್ದರೆ ದವಡೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪಟ್ಟಿ ಇದೆ ಎಂಬುದು ಉಪಕರಣ ಲೋಕದ ರೂಢಿ. ಅಗ್ಗದ ಮಾಲಿನಲ್ಲಿ ಬಣ್ಣ ಇರಬಹುದು, ಪಟ್ಟಿ ಇಲ್ಲದಿರಬಹುದು. ದವಡೆಯ ಒಳಮೈಯಲ್ಲಿ ಬೇರೆ ಲೋಹದ ತುಂಡು ಕೂರಿಸಿದ ಗೆರೆ ಕಾಣುತ್ತದೆಯೇ ನೋಡಿ. ಕಾಣದಿದ್ದರೂ ಅಭ್ಯಾಸಕ್ಕೆ ಅಡ್ಡಿಯಿಲ್ಲ; ಚಿನ್ನದ ಬಣ್ಣಕ್ಕೆಂದು ಹೆಚ್ಚು ಹಣ ಕೊಡಬೇಡಿ, ಅಷ್ಟೆ.

ಫೋರ್ಸೆಪ್ಸಿನಲ್ಲಿ ಆಡ್ಸನ್ ಎಂಬ ಸಣ್ಣ ತುದಿಯ, ಹಲ್ಲಿರುವ ಚಿಮ್ಮಟ ಇರಲೇಬೇಕು, ಒಂದು ಕಡೆ ಒಂದು ಹಲ್ಲು, ಇನ್ನೊಂದು ಕಡೆ ಎರಡು. ನಯವಾದದ್ದೊಂದನ್ನೇ ಕೊಟ್ಟಿರುವ ಕಿಟ್ ಬೇಡ. ಹಲ್ಲಿಲ್ಲದ ಚಿಮ್ಮಟದಲ್ಲಿ ಚರ್ಮ ಜಾರುತ್ತದೆ, ಜಾರದಿರಲೆಂದು ಅದುಮುತ್ತೇವೆ, ಅದುಮಿದ ಅಂಚು ಜಜ್ಜಿಹೋಗುತ್ತದೆ. ಕತ್ತರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ದಾರ ಕತ್ತರಿಸಿದರೆ ಸಾಕು. ಸ್ಕಾಲ್‌ಪೆಲ್ (ಶಸ್ತ್ರಚಿಕಿತ್ಸೆಯ ಚಾಕು) ಹಿಡಿ 3ನೇ ನಂಬರಿನದಾದರೆ 10, 11, 15ರ ಬ್ಲೇಡುಗಳು ಕೂರುತ್ತವೆ. ಕೆಲವು ಪೆಟ್ಟಿಗೆಗಳಲ್ಲಿ 3ನೇ ನಂಬರಿನ ಹಿಡಿಯ ಜೊತೆ 20ರ ಮೇಲಿನ ಬ್ಲೇಡುಗಳನ್ನು ಹಾಕಿರುತ್ತಾರೆ. ಅವು 4ನೇ ನಂಬರಿನ ಹಿಡಿಯವು. ಒತ್ತಾಯದಿಂದ ಕೂರಿಸಲು ಹೋದರೆ ಬೆರಳು ಕುಯ್ದುಕೊಳ್ಳುವುದೇ ಲಾಭ. ಬ್ಲೇಡನ್ನು ಯಾವತ್ತೂ ಬೆರಳಿನಲ್ಲಿ ಹಿಡಿದು ಸಿಕ್ಕಿಸಬೇಡಿ, ಆರ್ಟರಿ ಫೋರ್ಸೆಪ್ಸ್ ಎಂಬ ಲಾಕ್ ಇರುವ ಇಕ್ಕಳದಲ್ಲಿ ಹಿಡಿಯಿರಿ.

ದಾರದಲ್ಲಿ 3-0 ಮತ್ತು 4-0 ನೈಲಾನ್ ಇರಲಿ. ಸೊನ್ನೆಯ ಹಿಂದಿನ ಅಂಕಿ ಹೆಚ್ಚಿದಷ್ಟೂ ದಾರ ಸಣ್ಣ: 3-0 ಸುಮಾರು 0.2 ಮಿ.ಮೀ., 4-0 ಸುಮಾರು 0.15 ಮಿ.ಮೀ. ಶುರುವಿಗೆ 3-0 ಒಳ್ಳೆಯದು, ಕಣ್ಣಿಗೆ ಕಾಣುತ್ತದೆ. ನೈಲಾನಿಗೆ ನೆನಪು ಜಾಸ್ತಿ. ಪೊಟ್ಟಣದಲ್ಲಿ ಹೇಗೆ ಸುರುಳಿ ಸುತ್ತಿತ್ತೋ ಹೊರಗೆ ಬಂದ ಮೇಲೂ ಹಾಗೇ ಸುತ್ತಿಕೊಳ್ಳಲು ನೋಡುತ್ತದೆ. ಎರಡು ಬೆರಳ ನಡುವೆ ಒಮ್ಮೆ ನಿಧಾನವಾಗಿ ಎಳೆದು ನೇರ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ. ರೇಷ್ಮೆ ದಾರ ಹೇಳಿದ ಮಾತು ಕೇಳುತ್ತದೆ, ಆದ್ದರಿಂದಲೇ ಅದರಲ್ಲಿ ಕಲಿತವರು ನೈಲಾನಿಗೆ ಬಂದಾಗ ಗಂಟು ಬಿಚ್ಚಿಹೋಗುವುದನ್ನು ಕಂಡು ಕಂಗಾಲಾಗುತ್ತಾರೆ. ಪೊಟ್ಟಣದ ಮೇಲೆ ತರಬೇತಿಗೆ ಮಾತ್ರ ಎಂದು ಬರೆದಿದ್ದರೆ ಅದು ಅಕ್ಷರಶಃ ನಿಜ. ಆ ದಾರ ಮನುಷ್ಯರ ಮೈಗೆ ಸಲ್ಲದು.

ಇನ್ನು ಪ್ಯಾಡ್. ಚರ್ಮ, ಕೊಬ್ಬು, ಸ್ನಾಯು ಎಂದು ಮೂರು ಪದರ, ಮೇಲೆ ಮೊದಲೇ ಕೊಯ್ದಿಟ್ಟ ಹತ್ತಾರು ಗಾಯಗಳು. ಅಂಚನ್ನು ಬಗ್ಗಿಸಿ ಅಡ್ಡಕೊಯ್ತ ನೋಡಿದಾಗ ಚರ್ಮದ ಪದರದೊಳಗೆ ಬಲೆ ಕಾಣಿಸಿದರೆ ಒಳ್ಳೆಯ ಪ್ಯಾಡ್. ಬಲೆ ಇಲ್ಲದ್ದು ನಾಲ್ಕನೇ ಹೊಲಿಗೆಗೆ ಬೆಣ್ಣೆಯಂತೆ ಹರಿಯುತ್ತದೆ. ಕಾಸಿಗೆ ತಕ್ಕ ಕಜ್ಜಾಯ.

ಕಣ್ಣು ಮುಚ್ಚಿದರೆ ಕೈ ಕಲಿಯುವುದು ಹೇಗೆ

ಇದನ್ನು ನಂಬಲು ಕಷ್ಟಪಡುವವರಿಗೆ ಕೆಲವು ಆಧಾರಗಳಿವೆ, ಅದರಲ್ಲೂ ಹೊಲಿಗೆಯ ಮೇಲೆಯೇ ನಡೆದವು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದ ವೈದ್ಯ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಮಾಡಿ ಹಂದಿಯ ಕಾಲಿನ ಮೇಲೆ ಕೊಯ್ಯುವುದು, ಹೊಲಿಯುವುದು ಕಲಿಸಿದರು. ಕೆಲವರಿಗೆ ಎಲ್ಲ ಪಾಠವೂ ಕೈಯಲ್ಲೇ. ಕೆಲವರಿಗೆ ಕೈಯಲ್ಲಿ ಮಾಡಿದ ಮೇಲೆ ಉಳಿದ ಪಾಠ ಮನಸ್ಸಿನಲ್ಲಿ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲು ಕೈಯಲ್ಲಿ ಮಾಡಿ ಆಮೇಲೆ ಮನಸ್ಸಿನಲ್ಲಿ ಅಭ್ಯಾಸ ಮಾಡಿದವರು ಪೂರ್ತಿ ಕೈಯಲ್ಲೇ ಮಾಡಿದವರಿಗೆ ಸರಿಸಮವಾಗಿ ನಿಂತರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2011ರಲ್ಲಿ ಪಿತ್ತಕೋಶದ ಲ್ಯಾಪರೊಸ್ಕೋಪಿಯನ್ನು, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯನ್ನು, ಸಿಮ್ಯುಲೇಟರಿನಲ್ಲಿ ಕಲಿಯುವ 20 ಮಂದಿ ಹೊಸಬರ ಮೇಲೆ ಇಂಥದ್ದನ್ನೇ ಪರೀಕ್ಷಿಸಿದರು. ಪ್ರತಿ ಸಲ ಮಾಡುವ ಮುನ್ನ ಮನಸ್ಸಿನಲ್ಲಿ ಮಾಡಿಕೊಂಡವರ ಕೆಲಸದ ಗುಣಮಟ್ಟ ಮೇಲಿತ್ತು.

ಇದಕ್ಕೂ ಹಿಂದೆ, 1995ರಲ್ಲಿ, ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿಸಿದ ಪ್ರಯೋಗ ಪ್ರಸಿದ್ಧ. ಬೆರಳಾಡಿಸದೆ ಮನಸ್ಸಿನಲ್ಲೇ ನುಡಿಸಿದವರ ಮಿದುಳಿನಲ್ಲೂ ಬೆರಳನ್ನು ಆಳುವ ಭಾಗ ಹಿಗ್ಗಿತ್ತು. ಆದರೆ ಐದನೇ ದಿನಕ್ಕೆ ಅವರು ಮುಟ್ಟಿದ್ದು ಕೈಯಲ್ಲಿ ನುಡಿಸಿದವರ ಮೂರನೇ ದಿನದ ಮಟ್ಟವನ್ನು. ಆಮೇಲೆ ಒಂದೇ ಒಂದು ಸಲ ಕೈಯಲ್ಲಿ ಅಭ್ಯಾಸ ಕೊಟ್ಟಾಗ ಹತ್ತಿರ ಹತ್ತಿರ ಸರಿಗಟ್ಟಿದರು. ಕಿಟ್ ಕೊಳ್ಳುವವರಿಗೆ ಬೇಕಾದ ಎರಡು ಸಂಗತಿಯೂ ಇದರಲ್ಲಿದೆ. ಮನಸ್ಸಿನ ಅಭ್ಯಾಸ ಕೆಲಸ ಮಾಡುತ್ತದೆ. ಅದು ಪ್ಯಾಡಿಗೆ ಬದಲಿ ಅಲ್ಲ.

ಒಂದು ಹೊಲಿಗೆ, ಏಳು ನಿಲ್ದಾಣ

ಹೊಲಿಗೆಯನ್ನು ಕಲ್ಪಿಸಿಕೊಳ್ಳಿ ಎಂದರೆ ಎಲ್ಲರಿಗೂ ಮುಗಿದ ಹೊಲಿಗೆ ಕಣ್ಣಿಗೆ ಬರುತ್ತದೆ. ಅದರಿಂದ ಏನೂ ಉಪಯೋಗವಿಲ್ಲ. ಬೇಕಾದದ್ದು ನಡೆಯುತ್ತಿರುವ ಹೊಲಿಗೆ. ಅದಕ್ಕೊಂದು ಬರಹ ಬೇಕು, ವರ್ತಮಾನ ಕಾಲದಲ್ಲಿ, ನಿಮ್ಮದೇ ಕೈ ಮಾತಾಡುವಂತೆ. ಪ್ರತಿ ನಿಲ್ದಾಣಕ್ಕೂ ಕಣ್ಣಿಗೆ ಕಾಣುವುದೊಂದು, ಕೈಗೆ ತಾಗುವುದೊಂದು, ಎಚ್ಚರವಿರಬೇಕಾದದ್ದೊಂದು ಇರಲಿ.

ಮೊದಲನೆಯದು ಸೂಜಿ ಹಿಡಿತ. ಸೂಜಿಯನ್ನು ಮೂರು ಪಾಲು ಮಾಡಿಕೊಂಡರೆ ದಾರದ ಕಡೆಯ ಮೊದಲ ಪಾಲು ಮುಗಿಯುವಲ್ಲಿ, ದವಡೆಯ ತುದಿಯಲ್ಲಿ, ಹೋಲ್ಡರಿಗೆ ಲಂಬವಾಗಿ. ದಾರ ಕೂಡುವ ಬುಡವನ್ನೇ ಕಚ್ಚಿದರೆ ಸೂಜಿ ಬಾಗುತ್ತದೆ, ಅದರ ಅತಿ ದುರ್ಬಲ ಜಾಗ ಅದು. ಹೆಬ್ಬೆರಳು ಮತ್ತು ಉಂಗುರ ಬೆರಳು ಬಳೆಯೊಳಗೆ ಮೊದಲ ಗೆಣ್ಣಿನವರೆಗೆ ಮಾತ್ರ. ತೋರುಬೆರಳು ಹಿಡಿಯುದ್ದಕ್ಕೂ ಚಾಚಿದೆ, ಅದರ ತುದಿಗೆ ಲೋಹದ ತಣುಪು ತಾಗುತ್ತಿದೆ. ಎರಡನೆಯದು ಎಡಗೈಯ ಫೋರ್ಸೆಪ್ಸ್: ಅಂಚನ್ನು ಹಿಂಡುತ್ತಿಲ್ಲ, ಎತ್ತಿ ಹೊರಳಿಸುತ್ತಿದೆ. ಮೂರನೆಯದು ಅಂಗೈ ನೆಲ ನೋಡುವಂತೆ ಮಣಿಕಟ್ಟು ಹೊರಳಿಸಿಕೊಂಡು, ಅಂಚಿನಿಂದ 5 ಮಿ.ಮೀ. ದೂರದಲ್ಲಿ ಸೂಜಿಮೊನೆಯನ್ನು ಚರ್ಮಕ್ಕೆ 90 ಡಿಗ್ರಿಯಲ್ಲಿ ನಿಲ್ಲಿಸುವುದು. ಮೊನೆ ಒಳಹೋಗುವಾಗ ಮೊದಲು ಒಂದು ತಡೆ, ಆಮೇಲೆ ಪಕ್ಕನೆ ಬಿಡುವು. ಆ ಬಿಡುವು ಕೈಗೆ ಗೊತ್ತಾಗಬೇಕು.

ನಾಲ್ಕನೆಯದೇ ಎಲ್ಲರೂ ಎಡವುವ ಜಾಗ. ಇಲ್ಲಿ ತಳ್ಳುವುದಿಲ್ಲ, ತಿರುಗಿಸುತ್ತೇವೆ. ಬೀಗದಕೈ ತಿರುಗಿಸಿದ ಹಾಗೆ ಮಣಿಕಟ್ಟು ಹೊರಳುತ್ತದೆ, ಅಂಗೈ ಮೇಲಾಗುತ್ತದೆ, ಸೂಜಿ ತನ್ನ ಬಾಗಿನ ದಾರಿಯಲ್ಲೇ ಹೋಗಿ ಎದುರಿನ ಅಂಚಿನಿಂದ ಅಷ್ಟೇ 5 ಮಿ.ಮೀ. ದೂರದಲ್ಲಿ ಮೇಲೇಳುತ್ತದೆ. ತೋಳಿನಿಂದ ನೇರ ತಳ್ಳಿದರೆ ಮೂರು ಅನಾಹುತಗಳು ಒಟ್ಟಿಗೆ: ಸೂಜಿ ಬಾಗುತ್ತದೆ, ತೂತು ಅಗಲವಾಗುತ್ತದೆ, ಹೊಲಿಗೆ ಮೇಲುಮೇಲೆ ಬಿದ್ದು ಗಂಟು ಬಿಗಿಯುವಾಗ ಅಂಚುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಎರಡೂ ಬದಿಯ ಆಳ ಒಂದೇ ಇರಬೇಕು. ಒಂದು ಕಡೆ ಆಳ, ಇನ್ನೊಂದು ಕಡೆ ತೆಳು ಆದರೆ ಗಾಯ ಮೆಟ್ಟಿಲಿನ ಹಾಗೆ ಕೂಡುತ್ತದೆ.

ಐದನೆಯದು, ಹೊರಬಂದ ಸೂಜಿಯನ್ನು ಮೈಯಲ್ಲಿ ಹಿಡಿದು ಬಾಗಿನ ದಾರಿಯಲ್ಲೇ ಎಳೆಯುವುದು. ಮೊನೆಯನ್ನು ಕಚ್ಚಿದರೆ ಮುಂದಿನ ಹೊಲಿಗೆಗೆ ಅದು ಮೊಂಡು. ಆರನೆಯದು ದಾರ ಎಳೆದು 2-3 ಸೆಂ.ಮೀ. ಬಾಲ ಉಳಿಸುವುದು. ಏಳನೆಯದು ಗಂಟು: ಹೋಲ್ಡರ್ ಉದ್ದ ದಾರಕ್ಕೂ ಗಿಡ್ಡ ಬಾಲಕ್ಕೂ ನಡುವೆ, ಗಾಯದ ಮೇಲೆ. ಉದ್ದ ದಾರವನ್ನು ಹೋಲ್ಡರಿಗೆ ಎರಡು ಸುತ್ತು, ಬಾಲ ಹಿಡಿದು ಎದುರು ದಿಕ್ಕಿಗೆ ಎಳೆತ. ಆಮೇಲೆ ಉಲ್ಟಾ ಕಡೆಯಿಂದ ಒಂದು ಸುತ್ತು, ಮತ್ತೆ ಮೊದಲ ಕಡೆಯಿಂದ ಒಂದು. ಪ್ರತಿ ಸಲವೂ ಹೋಲ್ಡರ್ ನಡುವಿನಿಂದಲೇ ಶುರುವಾಗಬೇಕು, ಕೈಗಳು ಬದಿ ಬದಲಿಸಬೇಕು. ಒಂದೇ ದಿಕ್ಕಿಗೆ ಸುತ್ತಿ ಒಂದೇ ಕಡೆಗೆ ಎಳೆದರೆ ಗಂಟು ಚಪ್ಪಟೆಯಾಗಿ ಕೂರುವುದಿಲ್ಲ, ನೈಲಾನಿನಲ್ಲಂತೂ ಜಾರಿಯೇ ಜಾರುತ್ತದೆ. ಬಿಗಿ ಎಷ್ಟೆಂದರೆ ಅಂಚುಗಳು ಮುಟ್ಟಬೇಕು, ಉಸಿರುಗಟ್ಟಬಾರದು. ಗಂಟನ್ನು ಒಂದು ಪಕ್ಕಕ್ಕೆ ಸರಿಸಿ, ಆಮೇಲೆ ಬಿಚ್ಚಲು ಹಿಡಿ ಸಿಗುವಂತೆ 5ರಿಂದ 10 ಮಿ.ಮೀ. ಬಾಲ ಬಿಟ್ಟು ಕತ್ತರಿಸಿ.

ಮಬ್ಬಾಗುವ ಜಾಗ ಹುಡುಕಿ

ಈ ಬರಹವನ್ನು ಕಂಠಪಾಠ ಮಾಡಿ ಒಪ್ಪಿಸಿದರೆ ಮುಗಿಯಲಿಲ್ಲ. ಗಡಿಯಾರ ಇಟ್ಟುಕೊಳ್ಳಿ. ಮನಸ್ಸಿನಲ್ಲಿ ಮಾಡುವ ಚಲನೆಗೂ ಕೈಯಲ್ಲಿ ಮಾಡುವ ಚಲನೆಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ, ಗುರಿ ಸಣ್ಣದಾದಷ್ಟೂ ಎರಡೂ ನಿಧಾನವಾಗುತ್ತವೆ ಎಂಬುದು ಫ್ರಾನ್ಸಿನ ಡೆಸೆಟಿ ಮತ್ತು ಜಾನ್ನರೊ ಅವರ ಪ್ರಯೋಗಗಳಿಂದ ಗೊತ್ತಿರುವ ಸಂಗತಿ. ಅಂದರೆ ಪ್ಯಾಡಿನ ಮೇಲೆ 70 ಸೆಕೆಂಡ್ ಹಿಡಿಯುವ ಹೊಲಿಗೆ ಮನಸ್ಸಿನಲ್ಲಿ 25 ಸೆಕೆಂಡಿಗೆ ಮುಗಿದರೆ ನೀವು ಯಾವುದೋ ನಿಲ್ದಾಣ ಹಾರಿಸಿದ್ದೀರಿ. ಹಾರಿಸಿದ್ದು ಯಾವುದು ಎಂದು ನೋಡಿದರೆ ಬಹುತೇಕ ನಾಲ್ಕನೆಯದು ಅಥವಾ ಏಳನೆಯದರ ಎರಡನೇ ಸುತ್ತು. ಚಿತ್ರ ಎಲ್ಲಿ ಮಬ್ಬಾಗುತ್ತದೋ ಕೈ ತಡವರಿಸುವುದೂ ಅಲ್ಲೇ. ಈ ಕಿಟ್ಟಿನಿಂದ ಪಡೆಯಬಹುದಾದ ಅತಿ ದೊಡ್ಡ ಲಾಭ ಇದೇ. ಮಬ್ಬಾದ ಆ ಒಂದು ತುಂಡನ್ನು ಮಾತ್ರ ಪ್ಯಾಡಿನ ಮೇಲೆ ಮಾಡಿ. ದಾರವಿಲ್ಲದ ಹಳೆಯ ಸೂಜಿಯಲ್ಲಿ ಬರೀ ಮಣಿಕಟ್ಟು ತಿರುಗಿಸಿ ಸೂಜಿ ದಾಟಿಸುವುದನ್ನೇ ಹತ್ತು ಸಲ ಮಾಡಬಹುದು, ದಾರದ ಖರ್ಚೇ ಇಲ್ಲ.

ಕ್ರಮ ಹೀಗಿದ್ದರೆ ಸಾಕು: ಮೊದಲ ದಿನ ತಿಳಿದವರು ಹಾಕುವುದನ್ನು ಅವರ ಹಿಂದೆ ನಿಂತು, ಅವರ ಭುಜದ ಮೇಲಿಂದ ನೋಡಿ. ಎದುರು ನಿಂತು ನೋಡಿದರೆ ಎಡಬಲ ತಿರುವುಮುರುವಾಗಿ ಚಿತ್ರ ಕೂರುತ್ತದೆ. ನಂತರ ಪ್ಯಾಡಿನ ಮೇಲೆ ಎರಡು, ಮನಸ್ಸಿನಲ್ಲಿ ಮೂರು, ಮತ್ತೆ ಪ್ಯಾಡಿನ ಮೇಲೆ ಒಂದು. ಮನಸ್ಸಿನದ್ದು ಒಂದು ಹೊತ್ತಿಗೆ ಒಟ್ಟು 20 ನಿಮಿಷ ಮೀರುವುದು ಬೇಡ. ಎಷ್ಟೋ ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಮಾಡಿದ ವಿಶ್ಲೇಷಣೆಯೂ ಸುಮಾರು ಅಷ್ಟನ್ನೇ ಸೂಚಿಸಿತ್ತು. ಅದಕ್ಕಿಂತ ಹೆಚ್ಚಾದರೆ ಗಮನ ಸಡಿಲಾಗಿ ಮನಸ್ಸು ಊಟದ ಕಡೆ ಹೋಗುತ್ತದೆ. ಅದೇ ವಿಶ್ಲೇಷಣೆಯಂತೆ ಇದರ ಪ್ರಯೋಜನ ದಿನ ಕಳೆದಂತೆ ಇಳಿಯುತ್ತದೆ, ವಾರಕ್ಕೊಮ್ಮೆ ಹದಿನೈದು ದಿನಕ್ಕೊಮ್ಮೆಯಾದರೂ ತಿಕ್ಕಿ ಹೊಳಪು ಕೊಡಬೇಕು.

ಹಾಸಿಗೆಯಲ್ಲಿ ಮಲಗಿ ಮಾಡಬೇಡಿ. ಕ್ರೀಡಾ ಮನೋವಿಜ್ಞಾನದಲ್ಲಿ 2001ರಿಂದ ಬಳಕೆಯಲ್ಲಿರುವ ಪೆಟ್‌ಲೆಪ್ ಎಂಬ ಮಾದರಿ ಕಲ್ಪನೆ ನಿಜಕ್ಕೆ ಹತ್ತಿರವಿರಲು ಏಳು ಅಂಶ ಹೇಳುತ್ತದೆ. ಅದರಲ್ಲಿ ಮೊದಲೆರಡು, ಮೈಯ ಭಂಗಿ ಮತ್ತು ಜಾಗ, ಎರಡನ್ನೂ ಜನ ಕೈಬಿಡುತ್ತಾರೆ. ಕೈಗವಸು ಹಾಕಿ, ಹೋಲ್ಡರ್ ಹಿಡಿದು, ಪ್ಯಾಡ್ ಇಟ್ಟಿರುವ ಅದೇ ಮೇಜಿನ ಎದುರು ಕೂತು ಕಣ್ಣು ಮುಚ್ಚಿ. ಮನಸ್ಸಿನಲ್ಲಿ ತಪ್ಪಾದರೆ ಅಲ್ಲೇ ನಿಲ್ಲಿಸಿ, ಆ ನಿಲ್ದಾಣದಿಂದ ಸರಿಯಾಗಿ ಮತ್ತೆ ನಡೆಸಿ. ಸೂಜಿ ಜಾರುವುದನ್ನೇ ನೆನೆಸಿಕೊಂಡು ಮುಗಿಸಿದರೆ ಜಾರುವುದೇ ಅಭ್ಯಾಸವಾಗುತ್ತದೆ. ಕೆಲವರಿಗೆ ಕಣ್ಣು ಮುಚ್ಚಿದರೆ ಚಿತ್ರವೇ ಮೂಡುವುದಿಲ್ಲ. ಇದಕ್ಕೆ 2015ರಿಂದ ಅಫ್ಯಾಂಟೇಸಿಯಾ ಎಂಬ ಹೆಸರೂ ಇದೆ, ಅದು ರೋಗವಲ್ಲ. ಅಂಥವರು ಚಿತ್ರದ ಹಟ ಬಿಟ್ಟು ಕೈಗೆ ತಾಗುವುದನ್ನೂ ಮಾತನ್ನೂ ನೆಚ್ಚಿಕೊಳ್ಳಲಿ: ಎತ್ತು, ನಿಲ್ಲಿಸು, ತಿರುಗಿಸು, ಹಿಡಿ, ಎಳೆ.

ಪ್ಯಾಡ್ ಕಲಿಸುವ ಸುಳ್ಳುಗಳು

ಸಿಲಿಕೋನ್ ದಾರವನ್ನು ಹಿಡಿದುಕೊಳ್ಳುತ್ತದೆ. ನಿಜವಾದ ಚರ್ಮದಲ್ಲಿ ನುಣುಪಾಗಿ ಜಾರುವ ನೈಲಾನ್ ಇಲ್ಲಿ ಕಿರ್ ಎಂದು ಎಳೆದುಬರುತ್ತದೆ, ಹಾಗಾಗಿ ಮೊದಲ ಸುತ್ತು ಬಿಗಿದದ್ದು ಬಿಗಿದ ಹಾಗೇ ನಿಂತುಬಿಡುತ್ತದೆ. ಮೊದಲ ಗಂಟು ಸಡಿಲವಾಗದಂತೆ ಎರಡನೆಯದನ್ನು ಕೂರಿಸುವ ಜಾಣ್ಮೆ ಇದರಲ್ಲಿ ಬರುವುದೇ ಇಲ್ಲ. ರಕ್ತವಿಲ್ಲ, ಒದ್ದೆ ಕೈಗವಸಿಲ್ಲ, ಅಲುಗಾಡುವ ರೋಗಿಯಿಲ್ಲ. ಗಾಯ ಸದಾ ನೇರ, ಸದಾ ಮೇಜಿನ ಎತ್ತರದಲ್ಲಿ. ಹೀಗೆ ಪ್ಯಾಡಿನಿಂದ ಎತ್ತಿಕೊಂಡ ಮನಸ್ಸಿನ ಚಿತ್ರವೂ ಅಷ್ಟೇ ಸುಳ್ಳಾಗಿರುತ್ತದೆ, ಅದನ್ನು ಆಗಾಗ ತಿದ್ದಬೇಕು.

ತಿದ್ದಲು ಅಗ್ಗದ ದಾರಿಗಳಿವೆ. ಚರ್ಮ ಸುಲಿಯದ ಕೋಳಿ ತೊಡೆ ತಂದರೆ ತೆಳು ಚರ್ಮ, ಜಾರುವ ಕೊಬ್ಬು ಎರಡೂ ಸಿಗುತ್ತವೆ. ಫೋರ್ಸೆಪ್ಸ್ ಒರಟಾದರೆ ತಕ್ಷಣ ಹರಿದು ಹೇಳುತ್ತದೆ. ಮಡಿಕೇರಿ ಕಡೆಯವರಿಗೆ ಹಂದಿ ಕಾಲು ಸುಲಭವಾಗಿ ಸಿಗುತ್ತದೆ, ಮನುಷ್ಯರ ಚರ್ಮದ ಗಡಸಿಗೆ ಅದು ಹೆಚ್ಚು ಹತ್ತಿರ. ಮಾಂಸ ಮುಟ್ಟದವರು ಬಾಳೆಹಣ್ಣಿನ ಸಿಪ್ಪೆ ಸೀಳಿ ಹೊಲಿಯಬಹುದು. ಬಿಗಿ ಹೆಚ್ಚಾದರೆ ದಾರ ಸಿಪ್ಪೆಯನ್ನು ಕುಯ್ದುಕೊಂಡು ಬರುತ್ತದೆ, ಅದಕ್ಕಿಂತ ಕಟ್ಟುನಿಟ್ಟಿನ ಮೇಷ್ಟ್ರು ಬೇರೆ ಬೇಕಿಲ್ಲ. ಮಾಂಸಕ್ಕೆ ಚುಚ್ಚಿದ ಸೂಜಿಯನ್ನು ಮತ್ತೆ ಪ್ಯಾಡಿಗೆ ತರಬೇಡಿ, ಉಪಕರಣಗಳನ್ನು ಸೋಪು ನೀರಿನಲ್ಲಿ ಲಾಕ್ ಬಿಚ್ಚಿಟ್ಟು ಉಜ್ಜಿ, ಒರೆಸಿ ಒಣಗಿಸಿ. ಒದ್ದೆಯಲ್ಲಿ ಚೀಲಕ್ಕೆ ಹಾಕಿದರೆ ಇಂಥ ಕಿಟ್ಟಿನ ಸ್ಟೀಲಿಗೆ ಎರಡೇ ದಿನದಲ್ಲಿ ಕೀಲಿನ ಬಳಿ ತುಕ್ಕು.

ಯಾರಿಗೆ, ಎಷ್ಟಕ್ಕೆ

ಕ್ಯಾಶುವಾಲ್ಟಿ ಪೋಸ್ಟಿಂಗ್ ಎರಡು ಮೂರು ತಿಂಗಳು ದೂರವಿರುವ ವಿದ್ಯಾರ್ಥಿಗೆ ಇದು ಸರಿಯಾದ ವಸ್ತು. 2019ರ ಬ್ಯಾಚಿನಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಕೌಶಲಗಳಿಗೆ ಒತ್ತು ಇರುವುದರಿಂದ ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲೇ ಪ್ಯಾಡ್ ಇರಬಹುದು. ಇದ್ದರೆ ಇಡೀ ಕಿಟ್ ಕೊಳ್ಳದೆ ಒಳ್ಳೆಯ ನೀಡಲ್ ಹೋಲ್ಡರ್, ಆಡ್ಸನ್, ಒಂದು ಪೆಟ್ಟಿಗೆ 3-0 ನೈಲಾನ್ ಬಿಡಿಯಾಗಿ ಕೊಂಡರೆ ಜಾಣತನ. ಗಂಟು ಕಟ್ಟುವ ಹಲಗೆ ಸೇರಿಸಿ ಬೆಲೆ ಏರಿಸಿದ ಕಿಟ್ ಬೇಡ, ಕುರ್ಚಿಯ ಕೈಗೆ ಷೂ ಲೇಸ್ ಕಟ್ಟಿಕೊಂಡರೆ ಅದೇ ಕೆಲಸ ಆಗುತ್ತದೆ. ಈಗಾಗಲೇ ದಿನಕ್ಕೆ ನಾಲ್ಕೈದು ಗಾಯ ಹೊಲಿಯುತ್ತಿರುವ ಇಂಟರ್ನ್‌ಗಳಿಗೆ ಪ್ಯಾಡಿನಿಂದ ಸಿಗುವುದು ಕಡಿಮೆ. ಅವರಿಗೆ ಸಲ್ಲುವುದು ಏಳು ನಿಲ್ದಾಣದ ಬರಹ, ಕೈ ತೊಳೆಯುವ ಹೊತ್ತಿನಲ್ಲಿ ಒಮ್ಮೆ.

ಬಳಸಿ ಬಿಟ್ಟ ಸೂಜಿ, ಬ್ಲೇಡುಗಳನ್ನು ಹಾಸ್ಟೆಲಿನ ಕಸದ ಬುಟ್ಟಿಗೆ ಹಾಕಬೇಡಿ, ಬುಟ್ಟಿ ಎತ್ತುವವರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳಕ್ಕೆ ಟೇಪ್ ಸುತ್ತಿ, ಕೇಳಿ ಒಪ್ಪಿಸಿಕೊಂಡು ಆಸ್ಪತ್ರೆಯ ಬಿಳಿ ಶಾರ್ಪ್ಸ್ ಡಬ್ಬಿಗೆ ಸೇರಿಸಿ.